ಮಿಷನ್ ಇಂಟರ್ನ್ ಆಗಿ ಕೀನ್ಯಾದ ಕಿಸುಮುಗೆ ಹೊರಟಿದ್ದೇನೆ, ಅಲ್ಲಿ ಹೊಂದಿಕೊಳ್ಳೋಕೆ ಆಗುತ್ತಾ?

ಸಿಂಧನೂರಿನಿಂದ ನೀವು ಕೇಳಿದ್ದು ಇಷ್ಟು. ಡಿಗ್ರಿ ಮುಗಿದಿದೆ, ಒಂದು ವರ್ಷದ ಇಂಟರ್ನ್‌ಶಿಪ್‌ಗೆ ನಿಮ್ಮ ಚರ್ಚ್ ಸಭೆಯವರು ಕಳಿಸುತ್ತಿದ್ದಾರೆ, ಊಟ, ಭಾಷೆ, ಒಂಟಿತನ ಹೇಗೋ ಏನೋ, ಅಪ್ಪ ಬೇರೆ ಹೆದರಿದ್ದಾರೆ. ನಾನು ಬಳ್ಳಾರಿಯವಳು, ಅದೇ ಊರಲ್ಲಿ ಅದೇ ಥರದ ಕೆಲಸಕ್ಕೆ ಹೋಗಿ ಬಂದವಳು. ಆಗುತ್ತದೆ ಕಣ್ರೀ, ಹೋಗಿ.

ಬಿಸಿಲಿನ ಬಗ್ಗೆ ಯಾರಾದರೂ ಹೆದರಿಸಿದರೆ ನಕ್ಕುಬಿಡಿ. ಕಿಸುಮು ವಿಕ್ಟೋರಿಯಾ ಸರೋವರದ ದಂಡೆಯಲ್ಲಿದೆ, ಸಮಭಾಜಕ ವೃತ್ತಕ್ಕೆ ಅಂಟಿಕೊಂಡಂತೆ. ಆದರೂ 1,100 ಮೀಟರ್‌ಗಿಂತ ಎತ್ತರ. ರಾಯಚೂರು ಜಿಲ್ಲೆಯ ಮೇ ತಿಂಗಳು ಕಂಡವರಿಗೆ ಅದು ಬಿಸಿಲೇ ಅಲ್ಲ. ಊಟಕ್ಕೆ ಉಗಾಲಿ, ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಜೊತೆಗೆ ಸುಕುಮಾ ಸೊಪ್ಪು, ಸರೋವರದ ಮೀನು. ಕೈಯಲ್ಲೇ ತಿನ್ನುತ್ತಾರೆ. ಖಾರ ಮಾತ್ರ ಇಲ್ಲವೇ ಇಲ್ಲ. ಚಪಾತಿ, ಹಾಲು ಹಾಕಿ ಕುದಿಸಿದ ಚಹಾ ಎಲ್ಲ ಕಡೆ ಸಿಗುತ್ತದೆ. 1896ರಿಂದ ಅಲ್ಲಿ ರೈಲು ಹಳಿ ಹಾಕಲು ನಮ್ಮ ದೇಶದ ಕೂಲಿಗಳನ್ನು ಕರೆದುಕೊಂಡು ಹೋಗಿದ್ದರು, ಆ ಹಳಿ 1901ರಲ್ಲಿ ಕಿಸುಮು ಮುಟ್ಟಿತು, ಹಿಂದೆಯೇ ಅಂಗಡಿಯವರೂ ಬಂದರು. ಹಾಗಾಗಿ ಬೇಳೆ, ಅರಿಶಿನ, ಜೀರಿಗೆ ಹೊತ್ತುಕೊಂಡು ಹೋಗೋದು ಬೇಡ. ಶೇಂಗಾ ಅಲ್ಲೇ ಬೇಕಾದಷ್ಟು ಸಿಗುತ್ತದೆ, ಒಣ ಖಾರದ ಪುಡಿ ಒಂದಿದ್ದರೆ ಹಿಂಡಿ ಕುಟ್ಟಿಕೊಳ್ಳಬಹುದು. ಜೋಳದ ಹಿಟ್ಟೂ ಇದೆ, ಆದರೆ ನನಗೆ ಸಿಕ್ಕಿದ್ದು ಗಂಜಿಗೆ ಬೀಸಿದ ಕೆಂಪು ಜೋಳ. ರೊಟ್ಟಿ ಬಡಿದರೆ ಬಿರಿಯುತ್ತದೆ.

ಕಷ್ಟ ಇರೋದು ಬೇರೆ ಕಡೆ. ನಮ್ಮ ರಾಜ್ಯದಲ್ಲಿ ಕ್ರೈಸ್ತರು 2011ರ ಜನಗಣತಿ ಪ್ರಕಾರ ನೂರಕ್ಕೆ ಇಬ್ಬರೂ ಇಲ್ಲ. ಕೀನ್ಯಾದಲ್ಲಿ 2019ರ ಗಣತಿಯಂತೆ ನೂರಕ್ಕೆ 85ಕ್ಕೂ ಜಾಸ್ತಿ. ಬೋಡಾ, ಅಂದರೆ ಬೈಕ್ ಟ್ಯಾಕ್ಸಿ, ಓಡಿಸುವ ಹುಡುಗನಿಗೆ ನಿಮಗಿಂತ ಹೆಚ್ಚು ಬೈಬಲ್ ವಚನಗಳು ಬಾಯಿಪಾಠ ಬರುತ್ತವೆ. ಅವನ ಬೈಕ್ ಹೆಚ್ಚಾಗಿ ನಮ್ಮ ಬಜಾಜ್ ಬಾಕ್ಸರ್, ಅದು ಬೇರೆ ಮಾತು. ಭಾನುವಾರದ ಆರಾಧನೆ ಗಂಟೆಗಟ್ಟಲೆ ನಡೆಯುತ್ತದೆ. ಹೊಸಬರನ್ನು ಎಲ್ಲರೆದುರು ನಿಲ್ಲಿಸಿ ಮಾತಾಡಿಸುತ್ತಾರೆ. 'ಬ್ವಾನಾ ಅಸಿಫಿವೆ', ಅಂದರೆ ಕರ್ತನಿಗೆ ಸ್ತೋತ್ರ, ಅಂತ ಶುರು ಮಾಡಿದರೆ ಸಾಕು, ಇಡೀ ಸಭೆ 'ಆಮೆನ್' ಅನ್ನುತ್ತದೆ, ಅರ್ಧ ಭಯ ಅಲ್ಲಿಗೇ ಹೋಗುತ್ತದೆ. ಹಣ ಇಲ್ಲದವರು ಕೋಳಿ, ಮೊಟ್ಟೆ, ಕಬ್ಬು ಕಾಣಿಕೆ ತರುತ್ತಾರೆ, ಆರಾಧನೆ ಮುಗಿದ ಮೇಲೆ ಹರಾಜು. ನಮ್ಮ ಚರ್ಚಿನ ಸುಗ್ಗಿ ಹಬ್ಬದ ಹರಾಜು ಅಲ್ಲಿ ಯಾವ ಭಾನುವಾರ ಬೇಕಾದರೂ ನಡೆಯಬಹುದು.

ಇಂಥ ಊರಿಗೆ ನೀವು ಸುವಾರ್ತೆ ಹೊತ್ತುಕೊಂಡು ಹೋಗಬೇಕಾಗಿಲ್ಲ, ಅದು ಅಲ್ಲಿದೆ. ಊರಲ್ಲಿ ಕಳಿಸುವ ಪ್ರಾರ್ಥನೆ ಮಾಡುವಾಗ ಮಾತ್ರ ಎಲ್ಲರೂ ನಿಮ್ಮನ್ನು ದೊಡ್ಡ ಕೆಲಸಕ್ಕೆ ಹೊರಟವರಂತೆ ಮಾತಾಡುತ್ತಾರೆ. ಅಲ್ಲಿ ಇಳಿದ ಮೇಲೆ ಸಂಡೇ ಸ್ಕೂಲ್ ಮಕ್ಕಳ ಹಾಜರಿ ಬರೆಯೋದು, ಕುರ್ಚಿ ಜೋಡಿಸೋದು, ಮಹಿಳಾ ಸಂಘದ ಲೆಕ್ಕ ನೋಡೋದು. ಮೊದಲ ತಿಂಗಳುಗಳಲ್ಲಿ ಎಷ್ಟೋ ಇಂಟರ್ನ್‌ಗಳು ಒಳಗೊಳಗೇ ಕುಸಿಯೋದು ಇದಕ್ಕೇ, ಉಗಾಲಿಗಲ್ಲ. ನಮ್ಮ ಬಳ್ಳಾರಿಗೆ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದರು, ಪೂರ್ತಿ ಕನ್ನಡ ಬೈಬಲ್ ಅಚ್ಚಾಗಿ ಮುಗಿದಿದ್ದು 1831ಕ್ಕೆ. ಅಷ್ಟು ವರ್ಷ ಆ ಮನುಷ್ಯ ನಮ್ಮ ಮಾತಿನ ಜೊತೆ ಗುದ್ದಾಡಿದ್ದಾರೆ. ಒಂದು ವರ್ಷದ ನೀವು ಮೊದಲ ವಾರವೇ ಏನೋ ಸಾಧಿಸಬೇಕು ಅಂದುಕೊಳ್ಳಬೇಡಿ. ಕೊಟ್ಟ ಚಿಕ್ಕ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿ.

ಹೊತ್ತು ಅಂದೆ, ಅದರಲ್ಲೂ ಒಂದು ಹುಷಾರು. ಸ್ವಾಹಿಲಿಯಲ್ಲಿ ಗಂಟೆ ಎಣಿಸೋದು ಬೆಳಗ್ಗೆ ಆರರಿಂದ. ನಮ್ಮ ಏಳು ಅವರ ಒಂದು. ಯಾರಾದರೂ ಬಾಯಲ್ಲಿ ಸಮಯ ಹೇಳಿದರೆ ಯಾವ ಲೆಕ್ಕ ಅಂತ ಕೇಳಿಕೊಳ್ಳಿ. ಇಂಗ್ಲಿಷ್‌ನಲ್ಲಿ ಕೆಲಸ ನಡೆಯುತ್ತದೆ, ಆದರೆ ಮನೆಯೊಳಗಿನ ಮಾತು ಲುವೋ ಭಾಷೆ, ಸಂತೆಯಲ್ಲಿ ಸ್ವಾಹಿಲಿ. ಎರಡರಲ್ಲೂ ನಮಸ್ಕಾರ, ಕ್ಷೇಮ ಕೇಳೋದು ಮೊದಲು ಕಲಿಯಿರಿ. ಅಲ್ಲಿ ಹೇಗಿದ್ದೀರಿ, ಮನೆಯವರು ಹೇಗಿದ್ದಾರೆ ಅಂತ ಕೇಳದೆ ನೇರ ವಿಷಯಕ್ಕೆ ಹೋಗೋದು ಒರಟುತನ. ನಮ್ಮ ಹಳ್ಳಿ ಕಡೆಯೂ ಹಂಗೇ ಅಲ್ವಾ.

ಜನರ ಹತ್ತಿರ ಆಗಬೇಕಾದರೆ ಮಣ್ಣಿಗೆ ಹೋಗಿ. ಲುವೋ ಜನ ಸತ್ತವರನ್ನು ಹುಟ್ಟೂರಿನ ಸ್ವಂತ ಹೊಲಮನೆಯಲ್ಲೇ ಹೂಳುತ್ತಾರೆ, ನೈರೋಬಿಯಲ್ಲಿ ಸತ್ತರೂ ದೇಹ ಊರಿಗೇ ಬರಬೇಕು. ಹೆಚ್ಚಾಗಿ ಶನಿವಾರ ಇಟ್ಟುಕೊಳ್ಳುತ್ತಾರೆ. ಶಾಮಿಯಾನ, ಹಾಡು, ಒಬ್ಬರಾದ ಮೇಲೆ ಒಬ್ಬರ ಮಾತು, ಖರ್ಚಿಗೆ ಎಲ್ಲರೂ ದುಡ್ಡು ಹಾಕೋದು, ಬಂದವರಿಗೆಲ್ಲ ಊಟ. ಪಾಸ್ಟರ್ ಜೊತೆ ನಿಮ್ಮನ್ನೂ ಕರೆದುಕೊಂಡು ಹೋಗುತ್ತಾರೆ, ಇಡೀ ದಿನ ಹೋಗುತ್ತದೆ, ನಿಮಗೆ ಸತ್ತವರು ಯಾರು ಅಂತಲೂ ಗೊತ್ತಿರಲ್ಲ. ಹೋಗಿ ಸುಮ್ನೆ ಕೂತುಕೊಳ್ಳಿ. ಹೆಂಗಸರ ಜೊತೆ ಅಡುಗೆಯ ಕಡೆ ಹೋದರೆ ಇನ್ನೂ ಒಳ್ಳೆಯದು, ಸೊಪ್ಪು ಹೆಚ್ಚುತ್ತಾ ನಾನು ಕಲಿತ ಲುವೋ ಯಾವ ಕ್ಲಾಸಿನಲ್ಲೂ ಕಲಿಯಲಿಲ್ಲ. ಮುಂದಿನ ವಾರ ಅದೇ ಹೆಂಗಸರು ಸಂತೆಯಲ್ಲಿ ಕೂಗಿ ಕರೆದು, ಟೊಮೆಟೊ ಒಂದೆರಡು ಜಾಸ್ತಿ ಹಾಕಿ, ಮದುವೆ ಯಾವಾಗ ಅಂತ ಕೇಳುತ್ತಾರೆ. ಅದಕ್ಕೂ ಉತ್ತರ ರೆಡಿ ಇಟ್ಟುಕೊಳ್ಳಿ.

ಇನ್ನೊಂದು, ಇದನ್ನು ಯಾರೂ ಹೇಳಲ್ಲ. ನಿಮ್ಮ ಖರ್ಚಿಗೆ ಕೊಟ್ಟವರು ತಿಂಗಳಿಗೊಂದು ವರದಿ, ಫೋಟೋ ಕೇಳುತ್ತಾರೆ. ಹರಿದ ಅಂಗಿಯ ಮಕ್ಕಳ ನಡುವೆ ನೀವು ನಿಂತ ಫೋಟೋ ಕಳಿಸಿದರೆ ಊರಲ್ಲಿ ಎಲ್ಲರಿಗೂ ಖುಷಿ. ಕಳಿಸಬೇಡಿ. ನಮ್ಮ ಕೇರಿಯ ಮಕ್ಕಳ ಫೋಟೋವನ್ನು ಹೀಗೇ ಯಾರೋ ತೆಗೆದುಕೊಂಡು ಹೋದಾಗ ನಮ್ಮ ಅವ್ವಂದಿರಿಗೆ ಹೇಗನ್ನಿಸುತ್ತಿತ್ತು ಅಂತ ನಮಗೆ ಗೊತ್ತು. ಹಾಜರಿ ಬರೆದೆ, ಮಣ್ಣಿಗೆ ಹೋದೆ, ಮಳೆಗೆ ರಸ್ತೆ ಕಿತ್ತುಹೋಗಿ ಕ್ಲಾಸ್ ಆಗಲಿಲ್ಲ ಅಂತ ಇದ್ದದ್ದು ಬರೆಯಿರಿ. ನನ್ನ ವರದಿ ಓದಿ ಒಬ್ಬ ಹಿರಿಯರು 'ಏನಮ್ಮಾ, ಇಷ್ಟೇನಾ' ಅಂದರು. ಹೌದು ಅಂಕಲ್, ಇಷ್ಟೇ ಅಂದೆ. ದುಡ್ಡು ನಿಲ್ಲಿಸಲಿಲ್ಲ.

ಈಗ ಕಾಗದದ ವಿಷಯ. ಕೀನ್ಯಾ 2024ರ ಜನವರಿಯಿಂದ ವೀಸಾ ಬದಲು ಇಟಿಎ ಅಂತ ಆನ್‌ಲೈನ್ ಅನುಮತಿ ಇಟ್ಟಿದೆ. ಅದು ಬಂದು ಹೋಗುವವರಿಗೆ, ಕೆಲಸಕ್ಕಲ್ಲ. ಸಂಬಳ ಇಲ್ಲ ಅಂದ ಮಾತ್ರಕ್ಕೆ ಕೆಲಸ ಅಲ್ಲ ಅಂತ ಆಗಲ್ಲ. ಧಾರ್ಮಿಕ ಸೇವೆಗೆ ಕ್ಲಾಸ್ ಐ ಅನ್ನೋ ಪರ್ಮಿಟ್ ಇದೆ. ಯಾವ ಅನುಮತಿ ಮೇಲೆ ಕರೆಸುತ್ತಿದ್ದೀರಿ ಅಂತ ಅಲ್ಲಿಯವರನ್ನು ಬರವಣಿಗೆಯಲ್ಲಿ ಕೇಳಿ. 'ಬನ್ನಿ, ಆಮೇಲೆ ನೋಡೋಣ' ಅಂದರೆ ಟಿಕೆಟ್ ಮಾಡಿಸಬೇಡಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮೊದಲಾದರೂ ಹಾಕಿಸಿ, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ. ಆ ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲೇ ಕ್ವಾರಂಟೈನ್‌ಗೆ ಹಾಕಬಹುದು. ಕಿಸುಮು ಕಡೆ ಮಲೇರಿಯಾ ಜೋರು. ಸೊಳ್ಳೆ ಪರದೆ ಕಟ್ಟದೆ ಮಲಗಬೇಡಿ, ಜ್ವರ ಬಂದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಊರಿಗೆ ವಾಪಸ್ ಬಂದ ಮೇಲೆ ಜ್ವರ ಬಂದರೂ ಆಫ್ರಿಕಾದಲ್ಲಿದ್ದೆ ಅಂತ ಡಾಕ್ಟರಿಗೆ ಹೇಳಿ. ಸರೋವರ ಎಷ್ಟೇ ಚೆಂದ ಕಂಡರೂ ನೀರಿಗೆ ಇಳಿಯಬೇಡಿ, ಚರ್ಮದ ಮೂಲಕ ಒಳಗೆ ಹೋಗುವ ಹುಳು ಇದೆ. ಪಾಸ್‌ಪೋರ್ಟ್ ತೋರಿಸಿ ಸಿಮ್ ತಗೊಂಡು ಎಂ-ಪೆಸಾ, ಅಂದರೆ ಫೋನಿನಲ್ಲೇ ದುಡ್ಡು ಕೊಡುವ ಖಾತೆ, ಮಾಡಿಸಿ, ತರಕಾರಿ ಮಾರುವ ಅಜ್ಜಿಯೂ ಅದರಲ್ಲೇ ದುಡ್ಡು ತಗೊಳ್ಳುತ್ತಾಳೆ. ಕತ್ತಲಾದ ಮೇಲೆ ಒಬ್ಬರೇ ನಡೆಯೋದು ಬೇಡ.

ಅಪ್ಪನಿಗೆ ಬುದ್ಧಿ ಹೇಳೋಕೆ ಹೋಗಬೇಡಿ, ನೀವು ಇಳಿದುಕೊಳ್ಳುವ ಮನೆಯ ಅಮ್ಮನ ಜೊತೆ ಈಗಲೇ ಒಮ್ಮೆ ವಿಡಿಯೋ ಕಾಲ್ ಮಾಡಿಸಿ. ನಮ್ಮಪ್ಪನಿಗೆ ಇಂಗ್ಲಿಷ್ ಬರಲ್ಲ, ಆದರೂ ಆಯಮ್ಮನ ಮುಖ ನೋಡಿದ ಮೇಲೆ ನಿದ್ದೆ ಮಾಡಿದರು. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ನೀವು ಸಂಜೆ ಆರಕ್ಕೆ ಫೋನ್ ಮಾಡಿದರೆ ಸಿಂಧನೂರಿನಲ್ಲಿ ಎಂಟೂವರೆ, ಊಟದ ಹೊತ್ತಿಗೆ ಸಿಗುತ್ತಾರೆ. ದಿನಾ ಮಾಡಬೇಡಿ, ವಾರಕ್ಕೆ ಎರಡು ಸಲ ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಒಂದು ದಿನ ಕರೆಂಟ್ ಹೋಗಿ ಫೋನ್ ಸತ್ತರೂ ಅವರು ನಿಮ್ಮ ಪಾಸ್ಟರ್ ಮನೆ ಬಾಗಿಲು ಬಡಿಯುತ್ತಾರೆ.