ಪತ್ನಿಗೆ ಕಿಮೊಥೆರಪಿ, ಒಂದು ತಿಂಗಳ ಮಗುವಿಗೆ ಎದೆಹಾಲು ನಿಲ್ಲಿಸಬೇಕಾಗಿದೆ. ಯಾವ ಹಾಲು ಕೊಡಬೇಕು?

ನೀವು ಬರೆದಿರುವುದು ಇಷ್ಟು: ಪತ್ನಿಗೆ ಸ್ತನ ಕ್ಯಾನ್ಸರ್, ಮುಂದಿನ ವಾರ ಕಿಮೊಥೆರಪಿ ಶುರುವಾಗುತ್ತದೆ. ಮಗುವಿಗೆ ಒಂದು ತಿಂಗಳು, ತೂಕ ನಾಲ್ಕು ಕಿಲೊ. ನಿಮ್ಮ ತಾಯಿ ಹಸುವಿನ ಹಾಲಿಗೆ ಅರ್ಧ ನೀರು ಬೆರೆಸೋಣ ಎನ್ನುತ್ತಾರೆ, ನೆರೆಮನೆಯವರು ಮೇಕೆ ಹಾಲು ತರಿಸಿಕೊಡುತ್ತೇವೆ ಎನ್ನುತ್ತಾರೆ, ನಿಮಗೋ ಡಬ್ಬಿ ಹಾಲೆಂದರೆ ಭಯ.

ಡಬ್ಬಿ ಹಾಲನ್ನೇ, ಅಂದರೆ ಶಿಶುಗಳಿಗೆಂದೇ ತಯಾರಿಸಿದ ಪುಡಿ ಹಾಲನ್ನೇ (ಫಾರ್ಮುಲಾ) ಕೊಡಿ. ನವಜಾತ ಶಿಶುಗಳ ವಾರ್ಡಿನಲ್ಲಿ ಶುಶ್ರೂಷಕಿಯಾಗಿದ್ದು ನಿವೃತ್ತಳಾದವಳು ನಾನು. ಪುಡಿ ಹಾಲು ಕುಡಿದು ಕಾಯಿಲೆ ಬಿದ್ದು ಬರುತ್ತಿದ್ದ ಮಕ್ಕಳನ್ನು ಸಾಕಷ್ಟು ನೋಡಿದ್ದೇನೆ. ತಪ್ಪು ಡಬ್ಬಿಯೊಳಗೆ ಇರುತ್ತಿದ್ದುದು ಅಪರೂಪ. ಅಳತೆಯಲ್ಲಿ, ನೀರಿನಲ್ಲಿ, ಸರಿಯಾಗಿ ತೊಳೆಯದ ಬಾಟಲಿಯಲ್ಲಿ ಇರುತ್ತಿತ್ತು. ಆದ್ದರಿಂದ ಯಾವ ಹಾಲು ಎಂಬುದಕ್ಕಿಂತ ಅದನ್ನು ಹೇಗೆ ಕಲಸುತ್ತೀರಿ ಎಂಬುದರ ಮೇಲೆ ಗಮನ ಇಡಿ.

ಎದೆಹಾಲು ನಿಲ್ಲಿಸುವುದು ಸರಿಯೇ ಎಂಬ ಅಳುಕು ನಿಮ್ಮ ಪತ್ನಿಗೆ ಬೇಡ. ಜ್ವರ ಬಂತು, ಸಿಸೇರಿಯನ್ ಆಯಿತು, ಹಾಲು ಸಾಲದು ಎಂದು ವಿನಾಕಾರಣ ನಿಲ್ಲಿಸಿದವರ ಜೊತೆ ನಾನೇ ಜಗಳವಾಡಿದ್ದೇನೆ. ಕಿಮೊಥೆರಪಿಯ ಮಾತು ಬೇರೆ. ಆ ಔಷಧಿಗಳು ಹಾಲಿಗೆ ಇಳಿಯುತ್ತವೆ. ಇನ್ನೂ ಒಂದು ವಾರವಿದೆ ಎಂದಿದ್ದೀರಲ್ಲ, ಹಾಲು ಹಿಂಡಿ ಸಂಗ್ರಹಿಸಬಹುದೇ ಎಂದು ಕ್ಯಾನ್ಸರ್ ವೈದ್ಯರನ್ನು ಇವತ್ತೇ ಕೇಳಿ. ಸ್ಕ್ಯಾನ್‌ಗೆ ಬಳಸುವ ಕೆಲವು ವಿಕಿರಣ ದ್ರವ್ಯಗಳೂ ಹಾಲಿಗೆ ಬರುವುದರಿಂದ ಅವರ ಒಪ್ಪಿಗೆ ಮುಖ್ಯ. ಅವರು ಆಗಬಹುದೆಂದರೆ, ಕುದಿಸಿ ಆರಿಸಿದ ಮುಚ್ಚಳದ ಪಾತ್ರೆಗಳಲ್ಲಿ ತುಂಬಿ ದಿನಾಂಕ ಬರೆದಿಡಿ. ಫ್ರಿಜ್‌ನಲ್ಲಿ 4 ದಿನ, ಸರಿಯಾದ ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಲು ಒಮ್ಮೆಗೇ ನಿಲ್ಲಿಸಿದರೆ ಎದೆ ಕಟ್ಟಿಕೊಂಡು ನೋಯುತ್ತದೆ. ಬಿಗಿತ ಸಡಿಲವಾಗುವಷ್ಟು ಮಾತ್ರ ಹಿಂಡಿ, ತಣ್ಣನೆಯ ಬಟ್ಟೆ ಇಟ್ಟುಕೊಳ್ಳಲಿ. ಕಿಮೊ ಶುರುವಾದ ಮೇಲೆ ಹಿಂಡಿದ್ದನ್ನು ಚೆಲ್ಲಬೇಕು.

ದಾನಿಗಳ ಎದೆಹಾಲಿನ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕು ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಶುರುವಾದದ್ದು. ಈಗ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಇದೆ. ಅಲ್ಲಿ ದಾನಿಗಳ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಹೆಪ್ಪುಗಟ್ಟಿಸಿ ಇಡುತ್ತಾರೆ. ಆದರೆ ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿರುವ ಮಕ್ಕಳಿಗೆ ಅಲ್ಲಿ ಮೊದಲ ಆದ್ಯತೆ. ನಾಲ್ಕು ಕಿಲೊದ ನಿಮ್ಮ ಮಗುವಿಗೆ ತಿಂಗಳುಗಟ್ಟಲೆ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ. ಮನೆಯಲ್ಲೇ ಹಾಲೂಡಿಸುತ್ತಿರುವ ನಾದಿನಿಯೋ ಅತ್ತಿಗೆಯೋ ಇದ್ದು ಮನಸ್ಸು ಮಾಡಿದರೆ ಅದು ಒಳ್ಳೆಯದೇ, ಷಣ್ಮುಖನಿಗೆ ಹಾಲೂಡಿಸಿದ್ದೂ ಆರು ಮಂದಿ ಕೃತ್ತಿಕೆಯರಲ್ಲವೇ! ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಮಾಡಿಸಿದ ಮೇಲೆ ಮಾತ್ರ. ದುಡ್ಡು ಕೊಟ್ಟು ಎದೆಹಾಲು ಕೊಳ್ಳಲು ಹೋಗಬೇಡಿ. ಆ ಮಾರಾಟಕ್ಕೆ ಅನುಮತಿಯಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಸ್ಪಷ್ಟಪಡಿಸಿದೆ.

ಇನ್ನು ಹಸುವಿನ ಹಾಲು. ಅದರಲ್ಲಿ ಪ್ರೋಟೀನ್ ಮತ್ತು ಲವಣ ಎಳೆಯ ಮೂತ್ರಪಿಂಡ ತಾಳುವುದಕ್ಕಿಂತ ಹೆಚ್ಚು, ಕಬ್ಬಿಣ ತೀರಾ ಕಡಿಮೆ. ಕೆಲವು ಮಕ್ಕಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಒಸರಿ ರಕ್ತಹೀನತೆ ಬರುತ್ತದೆ. ನೀರು ಬೆರೆಸಿದರೆ ಮಗುವಿಗೆ ಬೇಕಾದ ಶಕ್ತಿಯೂ ಕರಗಿಹೋಗುತ್ತದೆ, ಕಬ್ಬಿಣವಂತೂ ಬಂದು ಸೇರುವುದಿಲ್ಲ. ಮೇಕೆ ಹಾಲಿನಲ್ಲಿ ಇಷ್ಟರ ಜೊತೆಗೆ ರಕ್ತಕ್ಕೆ ಬೇಕಾದ ಫೋಲೇಟ್ ಎಂಬ ವಿಟಮಿನ್ ಕೊರತೆ ಬೇರೆ. ಒಂದು ವರ್ಷ ತುಂಬುವವರೆಗೆ ಎರಡೂ ಬೇಡ. 'ನಮ್ಮನ್ನೆಲ್ಲ ಹಸುವಿನ ಹಾಲಿನಲ್ಲೇ ಸಾಕಲಿಲ್ಲವೇ' ಎಂದು ನಿಮ್ಮ ತಾಯಿ ಕೇಳಬಹುದು. ಹಾಗೆ ಕೇಳಲು ಉಳಿದಿರುವವರು ಬದುಕಿ ಬೆಳೆದವರು ಮಾತ್ರ. ಇದನ್ನು ಅವರ ಮುಖಕ್ಕೆ ಹೇಳಬೇಡಿ, ಮಕ್ಕಳ ವೈದ್ಯರ ಬಾಯಿಂದ ಹೇಳಿಸಿ.

ಡಬ್ಬಿ ಆರಿಸುವುದು ಸುಲಭ. ಹುಟ್ಟಿನಿಂದ ಆರು ತಿಂಗಳವರೆಗಿನದು, ಮೊದಲ ಹಂತದ್ದು. ದುಬಾರಿಯದೇ ಒಳ್ಳೆಯದು ಎಂದೇನಿಲ್ಲ. ಸೋಯಾದ್ದು, ಲ್ಯಾಕ್ಟೋಸ್ ಇಲ್ಲದ್ದು ಇವೆಲ್ಲ ವೈದ್ಯರು ಬರೆದುಕೊಟ್ಟರೆ ಮಾತ್ರ. ಪ್ರತಿ ಡಬ್ಬಿಯ ಮೇಲೂ ತಾಯಿಯ ಹಾಲೇ ಶ್ರೇಷ್ಠ ಎಂಬ ಮಾತು ಇರುತ್ತದೆ. ಅದನ್ನು ಓದಿ ನಿಮ್ಮ ಪತ್ನಿ ಕಣ್ಣೀರು ಹಾಕುವುದು ಬೇಡ. ಹಾಗೆ ಬರೆಯಲೇಬೇಕೆಂದು 1992ರ ಕಾನೂನು ಹೇಳುತ್ತದೆ. ಅದೇ ಕಾನೂನು ಡಬ್ಬಿಯ ಮೇಲೆ ಮುದ್ದು ಮಗುವಿನ ಚಿತ್ರ ಹಾಕುವುದನ್ನೂ ಜಾಹೀರಾತು ಕೊಡುವುದನ್ನೂ ತಡೆದಿದೆ. ಕಂಪನಿಗಳ ಮೂಗುದಾರಕ್ಕಾಗಿ ಬಂದ ಮಾತು ಅದು, ನಿಮ್ಮ ಪತ್ನಿಯಂಥವರನ್ನು ಚುಚ್ಚುವುದಕ್ಕಲ್ಲ.

ಒಬ್ಬ ಅಜ್ಜಿಯ ನೆನಪಾಗುತ್ತದೆ. ಮೊಮ್ಮಗಳ ತೂಕ ಏರುತ್ತಲೇ ಇರಲಿಲ್ಲ. ನನ್ನೆದುರೇ ಹಾಲು ಕಲಸಿ ಎಂದೆ. ಕಾಫಿ ಲೋಟದ ತುಂಬ ನೀರು ತೆಗೆದುಕೊಂಡು ಒಂದು ಅಳತೆ ಚಮಚ ಪುಡಿ ಎತ್ತಿದರು, ಅದರಲ್ಲೂ ಒಂದಷ್ಟನ್ನು ಡಬ್ಬಿಗೆ ವಾಪಸ್ ಉದುರಿಸಿದರು. ಲೋಟದಲ್ಲಿದ್ದುದು ಅಕ್ಕಿ ತೊಳೆದ ನೀರಿನ ಬಣ್ಣ. 'ಡಬ್ಬಿ ತಿಂಗಳು ಬರಬೇಕಲ್ಲ ಸಿಸ್ಟರ್' ಎಂದರು. ಬರುವುದಿಲ್ಲ. ಈ ಲೆಕ್ಕವನ್ನು ಮೊದಲೇ ತಿಳಿದಿರಿ: ನಿಮ್ಮ ಮಗುವಿನ ತೂಕಕ್ಕೆ 400 ಗ್ರಾಂ ಡಬ್ಬಿ ನಾಲ್ಕೈದು ದಿನ ಬಂದರೆ ಹೆಚ್ಚು, ತಿಂಗಳಿಗೆ ಆರೇಳು ಡಬ್ಬಿ ಬೇಕು. ಚಿಕಿತ್ಸೆಯ ಖರ್ಚಿನ ಜೊತೆಗೆ ಇದನ್ನೂ ಹೊಂದಿಸಿಕೊಳ್ಳಿ. ತೀರಾ ತೆಳುವಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರುವುದೂ ಉಂಟು. ಗಟ್ಟಿಯಾದರೆ ಮಲಬದ್ಧತೆ, ನಿರ್ಜಲೀಕರಣ.

ಸಾಮಾನ್ಯವಾಗಿ 30 ಮಿಲಿಲೀಟರ್ ನೀರಿಗೆ ಒಂದು ಅಳತೆ ಚಮಚ. ನಿಮ್ಮ ಡಬ್ಬಿಯ ಮೇಲೆ ಏನಿದೆಯೋ ಅದೇ ಅಂತಿಮ, ಚಮಚವೂ ಅದೇ ಡಬ್ಬಿಯದಾಗಿರಲಿ. ಮೊದಲು ನೀರು, ಆಮೇಲೆ ಪುಡಿ. ಚಮಚವನ್ನು ಒತ್ತಿ ತುಂಬದೆ, ಚಾಕುವಿನ ಬೆನ್ನಿನಿಂದ ಮೇಲೆ ಸವರಿ ಮಟ್ಟ ಮಾಡಿ. ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಪುಡಿ ಹಾಲು ಪೂರ್ತಿ ಕ್ರಿಮಿರಹಿತವಲ್ಲ, ಅಪರೂಪಕ್ಕೆ ಅದರಲ್ಲಿ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದಕ್ಕೇ ನೀರು ಕನಿಷ್ಠ 70 ಡಿಗ್ರಿ ಬಿಸಿಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಲೀಟರಿನಷ್ಟು ನೀರನ್ನು ಕುದಿಸಿ ಮುಚ್ಚಿಟ್ಟು, ಅರ್ಧ ಗಂಟೆಯೊಳಗೆ ಬಳಸಿದರೆ ಆ ಬಿಸಿ ಉಳಿದಿರುತ್ತದೆ. ಕಲಸಿದ ಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿ ಇಟ್ಟು ಆರಿಸಿ, ಮಣಿಕಟ್ಟಿನ ಮೇಲೆ ತೊಟ್ಟು ಬಿಟ್ಟು ನೋಡಿ ಕೊಡಿ. ಎರಡು ಗಂಟೆ ದಾಟಿದ್ದನ್ನು ಚೆಲ್ಲಿ. ಮಗು ಕುಡಿದು ಬಿಟ್ಟದ್ದನ್ನು ಮತ್ತೊಮ್ಮೆ ಬಿಸಿಮಾಡಿ ಕೊಡಬೇಡಿ, ಎಷ್ಟೇ ಹೊಟ್ಟೆ ಉರಿದರೂ.

ಪ್ರಮಾಣ ದಿನಕ್ಕೆ ಕಿಲೊಗೆ 150 ಮಿಲಿಲೀಟರ್ ಲೆಕ್ಕ. ನಾಲ್ಕು ಕಿಲೊಗೆ 600, ಎಂಟು ಸಲಕ್ಕೆ ಹಂಚಿದರೆ ಸಲಕ್ಕೆ 75. ಒಂದು ಸಲ ಹೆಚ್ಚು, ಇನ್ನೊಂದು ಸಲ ಕಡಿಮೆ ಕುಡಿಯುತ್ತದೆ. ಬಾಯಿ ತಿರುಗಿಸಿಕೊಂಡರೆ ಸಾಕೆಂದರ್ಥ.

ಬಾಟಲಿಗಿಂತ ನನ್ನ ಮತ ಒಳಲೆಗೆ. ಮನೆಯಲ್ಲಿ ಬೆಳ್ಳಿಯದೋ ಸ್ಟೀಲಿನದೋ ಇದ್ದೇ ಇರುತ್ತದೆ. ಬಾಟಲಿಯ ನಿಪ್ಪಲ್ ಸಂದಿಯಲ್ಲಿ ಹಾಲಿನ ಪಸೆ ಉಳಿದು ಭೇದಿಗೆ ದಾರಿಯಾಗುತ್ತದೆ, ಒಳಲೆಯನ್ನು ಉಜ್ಜಿ ಕುದಿಸುವುದು ಸಲೀಸು. ಮಗುವನ್ನು ಅರ್ಧ ಕೂರಿಸಿದಂತೆ ಎತ್ತಿಕೊಳ್ಳಿ, ಒಳಲೆಯ ಮೂತಿಯನ್ನು ಬಾಯಿಯ ಅಂಚಿಗೆ ತಾಗಿಸಿ ಸ್ವಲ್ಪವೇ ಬಾಗಿಸಿ. ನುಂಗಿದ್ದನ್ನು ನೋಡಿ ಮುಂದಿನದು. ಮಲಗಿಸಿ, ಮೂಗು ಹಿಡಿದು ಸುರಿಯುವ ಹಳೆಯ ಪದ್ಧತಿ ಅಪಾಯಕಾರಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಕೊನೆಗೆ ಹೆಗಲಿಗೆ ಹಾಕಿ ತೇಗಿಸಿ. ನಿಮ್ಮ ಪತ್ನಿಯ ಮೈಯಲ್ಲಿ ಶಕ್ತಿಯಿದ್ದ ದಿನ ಅವರೇ ಕುಡಿಸಲಿ. ಉಳಿದ ಹೊತ್ತು ನೀವು ಕುಡಿಸಿ, ಗಂಡಸರಿಗೆ ಬರದ ವಿದ್ಯೆ ಇದೇನಲ್ಲ.

ಆರು ತಿಂಗಳವರೆಗೆ ಬೇರೇನೂ ಬೇಡ. ಜೇನು, ಬಜೆ, ಗ್ರೈಪ್ ವಾಟರ್, ಬರೀ ನೀರು ಯಾವುದೂ ಬೇಡ. ಜೇನಂತೂ ವರ್ಷದವರೆಗೆ ನಿಷಿದ್ಧ, ನರಗಳನ್ನು ಕುಂದಿಸುವ ಬೊಟುಲಿಸಂ ಎಂಬ ಕಾಯಿಲೆ ಬರಬಹುದು. ರಾಗಿ ಸರಿ ಮಾಡುವ ಉತ್ಸಾಹ ನಿಮ್ಮ ತಾಯಿಗಿದ್ದರೆ ಆರು ತಿಂಗಳು ತುಂಬಲಿ, ಆಮೇಲೆ ಅವರದೇ ರಾಜ್ಯ.

ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ, ತೂಕ ದಿನಕ್ಕೆ 20ರಿಂದ 30 ಗ್ರಾಂನಂತೆ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ. ಡಬ್ಬಿ ಹಾಲು ಶುರುವಾದ ಮೊದಲ ತಿಂಗಳು ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿಸಿ. ಮಗು ಹಾಲು ಬೇಡವೆಂದು ಮಂಕಾಗಿ ಮಲಗಿದರೆ, ಹಸಿರು ಬಣ್ಣದ ವಾಂತಿ ಮಾಡಿದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಹೋಗುವಾಗ ಡಬ್ಬಿಯನ್ನೂ ಅದರ ಅಳತೆ ಚಮಚವನ್ನೂ ಜೊತೆಗೆ ಒಯ್ಯಿರಿ, ಮೊದಲು ಕೇಳುವುದೇ ಅದನ್ನು.