ದಿನಾ ಯೇಸು ಹೇಳಿದ ಒಂದು ಸಾಮ್ಯ (ನೀತಿಕಥೆ) ಓದಿ ನನ್ನನ್ನು ಅಳೆದುಕೊಳ್ಳುತ್ತಿದ್ದೇನೆ, ಆದರೂ ಆತ್ಮಿಕವಾಗಿ ಬೆಳೆಯುತ್ತಿಲ್ಲ. ಯಾವ ಸಾಮ್ಯದಿಂದ ಶುರು ಮಾಡಲಿ, ಬೆಳವಣಿಗೆಯನ್ನು ಹೇಗೆ ಅಳೆಯಲಿ?

ಆರು ತಿಂಗಳಿಂದ ಬೆಳಗ್ಗೆ ಒಂದು ಸಾಮ್ಯ, ರಾತ್ರಿ ಅದರ ಪ್ರಕಾರ ನೋಟ್‌ಬುಕ್ಕಿನಲ್ಲಿ ಲೆಕ್ಕ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನಗು ಬಂತು. ಹಿಂದೆಯೇ ಹೊಟ್ಟೆಯಲ್ಲಿ ಸಂಕಟವೂ ಆಯಿತು. ಅಂಥದ್ದೇ ನೋಟ್‌ಬುಕ್ ನನ್ನ ಹತ್ತಿರವೂ ಇತ್ತು. ಇನ್ನೂರು ಪುಟದ್ದು, ಉದ್ದಗೆರೆಯದ್ದು. ಯಾವ ಸಾಮ್ಯ ಮೊದಲು ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಆ ಪುಸ್ತಕ ಮುಚ್ಚಿಡಿ.

ನಾನು ಸಿಂಧನೂರು ಕಡೆಯವನು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ ನಾಲ್ಕು ಎಕರೆ ಭತ್ತ ಇದೆ. ನೀರು ನಮ್ಮವರೆಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೂ ಹೋಗುತ್ತಿದ್ದೆ. ಬಂದ ಚೀಲ, ಹೋದ ಚೀಲ, ತೇವಾಂಶ ಎಷ್ಟು, ಕಡಿತ ಎಷ್ಟು. ಇಡೀ ದಿನ ಇದನ್ನೇ ಬರೆದವನು ರಾತ್ರಿ ದೇವರ ಹತ್ತಿರ ಕೂತಾಗಲೂ ಗೆರೆ ಹಾಕಿಕೊಂಡೇ ಕೂರುತ್ತಿದ್ದೆ.

ಸುಮಾರು ಒಂಬತ್ತು ವರ್ಷದ ಹಿಂದಿನ ಮಾತು. ಯುವಕರ ಕೂಟದಲ್ಲಿ ಬಿತ್ತುವವನ ಸಾಮ್ಯದ ಮೇಲೆ ಒಂದು ಸಂದೇಶ ಕೇಳಿದೆ. ಸತ್ಯವೇದದ (ಬೈಬಲ್ಲಿನ) ಮತ್ತಾಯನ ಸುವಾರ್ತೆ, 13ನೇ ಅಧ್ಯಾಯ. ಬೀಜ ದಾರಿಯ ಮಗ್ಗುಲಲ್ಲಿ ಬಿತ್ತು, ಕಲ್ಲುನೆಲದಲ್ಲಿ ಬಿತ್ತು, ಮುಳ್ಳಿನಲ್ಲಿ ಬಿತ್ತು, ಒಳ್ಳೆಯ ನೆಲದಲ್ಲಿ ಬಿತ್ತು. ಒಳ್ಳೆಯ ನೆಲದಲ್ಲಿ ಬಿದ್ದದ್ದು ನೂರರಷ್ಟು, ಅರುವತ್ತರಷ್ಟು, ಮೂವತ್ತರಷ್ಟು ಫಲ ಕೊಟ್ಟಿತು. ಬೀಜ ಅಂದರೆ ದೇವರ ವಾಕ್ಯ, ನೆಲ ಅಂದರೆ ಅದನ್ನು ಕೇಳುವವರ ಮನಸ್ಸು. ಮನೆಗೆ ಬಂದವನೇ ಪುಟಕ್ಕೆ ನಾಲ್ಕು ಕಾಲಂ ಎಳೆದೆ. ಇವತ್ತು ನಾನು ಯಾವ ನೆಲ? ಒಳ್ಳೆಯ ನೆಲವಾಗಿದ್ದರೆ ಎಷ್ಟರಷ್ಟು?

ಇಲ್ಲೇ ನಾನು ಎಡವಿದ್ದು. ಸ್ವಲ್ಪ ಉದ್ದವಾಗಿ ಹೇಳ್ತೀನಿ, ಯಾಕೆಂದರೆ ನೀವೂ ಇದೇ ಕಲ್ಲಿಗೆ ಕಾಲು ಕೊಡುವ ಹಾಗೆ ಕಾಣುತ್ತಿದೆ.

ನೂರು, ಅರುವತ್ತು, ಮೂವತ್ತು. ಈ ಮೂರು ಅಂಕಿ ನನ್ನ ಕಣ್ಣಿಗೆ ಮಾರ್ಕ್ಸ್ ಕಾರ್ಡಿನ ಹಾಗೆ ಕಂಡವು. ನೂರು ಅಂದರೆ ಫುಲ್ ಮಾರ್ಕ್ಸ್, ಅರುವತ್ತು ಫಸ್ಟ್ ಕ್ಲಾಸ್, ಮೂವತ್ತು ಫೇಲ್. ಭತ್ತದ ಲೆಕ್ಕವೂ ಅದಕ್ಕೆ ಸರಿಯಾಗಿ ಕೂತಿತು. ನಮ್ಮಲ್ಲಿ ಎಕರೆಗೆ 30 ಕೆಜಿ ಬೀಜದ ಸಸಿ ಹಾಕಿದರೆ, ಒಳ್ಳೆಯ ವರ್ಷ 75 ಕೆಜಿಯ ನಲವತ್ತು ಚೀಲ ಬರುತ್ತದೆ. ಅಂದರೆ 3,000 ಕೆಜಿ. ಸರಿಯಾಗಿ ನೂರು ಪಟ್ಟು! ಹಾಗಾದರೆ ನೂರು ಅನ್ನುವುದು ಮಾಮೂಲಿ ಬೆಳೆ. ಮೂವತ್ತು ಪಟ್ಟು ಅಂದರೆ ಎಕರೆಗೆ ಹನ್ನೆರಡೇ ಚೀಲ, ಗೊಬ್ಬರದ ಅಂಗಡಿಯ ಬಾಕಿಯೂ ತೀರುವುದಿಲ್ಲ. ದೇವರೂ ಹೀಗೇ ನೋಡ್ತಾನೆ ಅಂದುಕೊಂಡೆ. ಐದು ಗಂಟೆಗೆ ಎದ್ದು ಪ್ರಾರ್ಥನೆ ಮಾಡಿದ ದಿನ 60. ಯಾರ ಮೇಲೂ ಸಿಟ್ಟು ಬರದಿದ್ದರೆ ಇನ್ನೊಂದಿಷ್ಟು. ನೂರು ಬರೆದ ದಿನ ನಾಲ್ಕೈದು ಇರಬಹುದು. ಆ ದಿನಗಳಲ್ಲಿ ನಾನು ಎಂಥಾ ಸಹಿಸಲಾಗದ ಮನುಷ್ಯನಾಗಿದ್ದೆ ಅಂತ ನನ್ನ ಹೆಂಡತಿಯನ್ನು ಕೇಳಬೇಕು.

ಎರಡು ತಿಂಗಳಲ್ಲಿ ನನ್ನೊಬ್ಬನ ಲೆಕ್ಕ ಸಾಲದಾಯಿತು. ಅಳತೆಪಟ್ಟಿ ಕೈಗೆ ಬಂದಮೇಲೆ ತನ್ನ ಗೋಡೆಯನ್ನಷ್ಟೇ ಅಳೆದು ಸುಮ್ನಿರುವವರು ಯಾರಿದ್ದಾರೆ? ಕೂಟಕ್ಕೆ ಬರುವ ಹುಡುಗರ ಹೆಸರು ಬರೆದೆ. ಒಬ್ಬ ಕಲ್ಲುನೆಲ, ಭಾನುವಾರ ಹಾಡುವಾಗ ಕಣ್ಣೀರು, ಬುಧವಾರ ಪತ್ತೆಯಿಲ್ಲ. ಇನ್ನೊಬ್ಬ ದಾರಿಯ ಮಗ್ಗುಲು. ಆಮೇಲೆ ಒಂದು ರಾತ್ರಿ ಹೆಂಡತಿಯ ಹೆಸರನ್ನೂ ಬರೆದೆ. ಮಗುವಿಗೆ ಆಗ ಹತ್ತು ತಿಂಗಳು. ರಾತ್ರಿಯೆಲ್ಲ ಅಳು. ಅವಳು ಕುಟುಂಬ ಪ್ರಾರ್ಥನೆಗೆ ಕೂತು ಎಷ್ಟೋ ದಿನ ಆಗಿತ್ತು. ಅವಳ ಹೆಸರಿನ ಮುಂದೆ ಬರೆದೆ: "ಮುಳ್ಳಿನ ನೆಲ. 30 ಕೂಡ ಇಲ್ಲ."

ಮಗುವಿನ ಲಸಿಕೆಯ ಕಾರ್ಡ್ ಹುಡುಕುವಾಗ ಅವಳ ಕೈಗೆ ಆ ಪುಸ್ತಕ ಸಿಕ್ಕಿತು. ಓದಿದಳು. ಜಗಳ ಮಾಡಲಿಲ್ಲ. ರೊಟ್ಟಿ ಬಡಿದು, ನನಗೆ ಊಟಕ್ಕಿಟ್ಟು, ಬೆಳಗ್ಗೆ ಮಗುವನ್ನು ಎತ್ತಿಕೊಂಡು ಬಸ್ ಹತ್ತಿದಳು. ಅವಳ ತವರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆ. ಐದು ತಿಂಗಳು ಬರಲಿಲ್ಲ. ಫೋನಿನಲ್ಲಿ ಒಂದೇ ಸಲ ಮಾತಾಡಿದಳು. "ನಾನು ಯಾವ ನೆಲಾನೂ ಅಲ್ಲ, ನಿದ್ದಿಗೆಟ್ಟಾಕಿ" ಅಂದಳು.

ಆಮೇಲೂ ನಾನು ನೋಟ್‌ಬುಕ್ ನಿಲ್ಲಿಸಲಿಲ್ಲ ನೋಡಿ. ಅವಳು ಹೋದದ್ದನ್ನೂ ಬರೆದೆ, ನನಗೆ ಬಂದ ಶೋಧನೆ (ನಂಬಿಕೆಯ ಪರೀಕ್ಷೆ) ಅಂತ.

ಕೊನೆಗೆ ಕರೆತರಲು ಹೋದಾಗ ಕಡಲೆ ಕೀಳುವ ಕಾಲ. ಮಾವ ಹೊಲದಲ್ಲಿದ್ದರು. ಹೆಚ್ಚು ಓದಿದವರಲ್ಲ. ಸತ್ಯವೇದವನ್ನು ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದುತ್ತಾರೆ. ಮಗಳು ಕಾರಣ ಹೇಳಿರಲಿಲ್ಲವಂತೆ. "ಏನ್ ಬರದಿದ್ದೆಪಾ ಅದರಾಗ?" ಅಂದರು. ಬದುವಿನ ಮೇಲೆ ಕೂತು ಸಾಮ್ಯ ಹೇಳಿದೆ, ಕಾಲಂ ಹೇಳಿದೆ, ಅಂಕಿಯನ್ನೂ ಹೇಳಿದೆ. ಬೈಯುತ್ತಾರೆ ಅಂತ ಕಾದಿದ್ದೆ. ಅವರು ಕೇಳಿದ್ದೇ ಬೇರೆ.

"ಮೂವತ್ತಂದ್ರ ಫೇಲಾ?"

ಹೂಂ ಅಂದೆ.

"ಎಕ್ರೆಕ್ಕ ಇಪ್ಪತ್ತೈದು ಕೆಜಿ ಕಡ್ಲಿ ಬಿತ್ತೀನಿ. ಮೂವತ್ತು ಪಟ್ಟಂದ್ರ ಎಷ್ಟಾತು? ಏಳೂವರಿ ಕ್ವಿಂಟಲ್. ಈ ಸಲ ಐದು ಬಂದೈತಿ. ಏಳೂವರಿ ಬಂದ ವರ್ಷ ಇಡೀ ಮನಿಗೆ ಸುಣ್ಣ ಹಚ್ಚಿಸಿದ್ವಿ."

ಅಷ್ಟೇ ಹೇಳಿ ಮತ್ತೆ ಕಡಲೆ ಕೀಳತೊಡಗಿದರು. ಲೆಕ್ಕ ಬರೆಯುವವನಿಗೆ ಲೆಕ್ಕದಲ್ಲೇ ಏಟು ಬಿತ್ತು. ಅಲ್ಲಿ ಕಾಲುವೆ ಇಲ್ಲ. ಹಿಂಗಾರಿಗೆ ಬಿತ್ತಿದ ಕಡಲೆ, ಎರೆಮಣ್ಣು ಹಿಡಿದಿಟ್ಟ ಹಸಿಯ ಮೇಲೆ, ಚಳಿಗಾಲದ ಇಬ್ಬನಿಯ ಮೇಲೆ ಬೆಳೆಯಬೇಕು. ಅಲ್ಲಿ ಮೂವತ್ತು ಪಟ್ಟು ಅಂದರೆ ಹಬ್ಬ. ನಾನು ಕಾಲುವೆ ನೀರಿನ ಭತ್ತದ ಅಳತೆ ಹಿಡಿದು ಕಡಲೆ ಹೊಲಕ್ಕೆ ಫೇಲ್ ಅಂತ ಬರೆದಿದ್ದೆ. ಹತ್ತು ತಿಂಗಳ ಕೂಸು ಎತ್ತಿಕೊಂಡು, ನಿದ್ದೆಯಿಲ್ಲದೆ, ನನ್ನಂಥವನಿಗೆ ರೊಟ್ಟಿ ಬಡಿಯುತ್ತಾ ಅವಳು ಮಾಡುತ್ತಿದ್ದ ಒಂದು ಸಾಲಿನ ಪ್ರಾರ್ಥನೆಗೆ ನನ್ನ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ.

ಆಮೇಲೆ ಸತ್ಯವೇದದ ಆ ವಚನಗಳನ್ನು ಮತ್ತೆ ಓದಿದೆ, ಈ ಸಲ ಪೆನ್ ಇಲ್ಲದೆ. ಮೂವತ್ತು ಕೊಟ್ಟದ್ದೂ ಒಳ್ಳೆಯ ನೆಲವೇ! ಯೇಸು ಅದನ್ನು ಒಂದು ಮಾತೂ ಬೈದಿಲ್ಲ. ಇದೇ ಸಾಮ್ಯ ಮೂರು ಸುವಾರ್ತೆಗಳಲ್ಲಿದೆ: ಮತ್ತಾಯನಲ್ಲಿ ನೂರರಿಂದ ಇಳಿಯುತ್ತದೆ, ಮಾರ್ಕನಲ್ಲಿ ಮೂವತ್ತರಿಂದ ಏರುತ್ತದೆ, ಲೂಕನಲ್ಲಿ ನೂರು ಮಾತ್ರ ಇದೆ. ರ್‍ಯಾಂಕ್ ಪಟ್ಟಿ ಆಗಿದ್ದರೆ ಮೂವರೂ ಹೀಗೆ ಬೇರೆಬೇರೆಯಾಗಿ ಬರೆಯುತ್ತಿದ್ದರಾ? ನೂರು ಮಾಮೂಲಿಯೂ ಆಗಿರಲಿಲ್ಲ. ಆದಿಕಾಂಡ 26ರಲ್ಲಿ ಇಸಾಕನು ಬಿತ್ತಿ ಅದೇ ವರ್ಷ ನೂರರಷ್ಟು ಕೊಯ್ದ ಅಂತ ಬರುತ್ತದೆ. ಯೆಹೋವನ ಆಶೀರ್ವಾದ ಅಂತ ಅದನ್ನು ಪಕ್ಕದಲ್ಲೇ ಹೇಳಿದೆ. ಅಷ್ಟು ದೊಡ್ಡ ಫಸಲನ್ನು ನಾನು ಪಾಸ್ ಮಾರ್ಕ್ ಮಾಡಿಕೊಂಡಿದ್ದೆ.

ಮುಳ್ಳಿನ ವಿಷಯದಲ್ಲಿ ಇನ್ನೂ ನಾಚಿಕೆಯಾಗಿದೆ. ನಮ್ಮ ಕಡೆ ಮುಳ್ಳು ಅಂದರೆ ಬಳ್ಳಾರಿ ಜಾಲಿ. ಮೇಲೆ ಕಡಿದರೆ ಬುಡದಿಂದ ನಾಲ್ಕು ಕವಲು ಎದ್ದು ಬರುತ್ತದೆ. ನಾನು ಮೇಲೆ ಮೇಲೆ ಚೆನ್ನಾಗಿ ಕಡಿದಿದ್ದೆ. ಟಿವಿ ತೆಗೆಸಿದೆ, ಕ್ರಿಕೆಟ್ ಬಿಟ್ಟೆ. ಮುಳ್ಳು ಯಾವುದು ಅಂತ ಯೇಸು ಬಿಡಿಸಿ ಹೇಳುವಾಗ ಮೂರು ಸುವಾರ್ತೆಯಲ್ಲೂ ಮೊದಲು ಬರುವುದು ಚಿಂತೆ. ಐಶ್ವರ್ಯ ಆಮೇಲೆ. "ನಾನು ಬೆಳೆಯುತ್ತಿದ್ದೇನಾ, ಇಲ್ಲವಾ" ಅನ್ನುವುದೂ ಒಂದು ಚಿಂತೆ ಅಲ್ವಾ? ನನ್ನ ಹೊಲದ ದೊಡ್ಡ ಜಾಲಿ ಅದೇ ಆಗಿತ್ತು. ಅದಕ್ಕೆ ನಾನು ದಿನಾ ರಾತ್ರಿ ನೋಟ್‌ಬುಕ್ಕಿನಿಂದ ನೀರು ಹಾಯಿಸುತ್ತಿದ್ದೆ.

ಹಾಗಾಗಿ "ಬೆಳವಣಿಗೆಯನ್ನು ಹೇಗೆ ಅಳೆಯಲಿ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಾರ್ಕ 4ರಲ್ಲಿ, ಬಿತ್ತುವವನ ಸಾಮ್ಯ ಆದಮೇಲೆ, ನಾಲ್ಕೇ ವಚನದ ಒಂದು ಚಿಕ್ಕ ಸಾಮ್ಯ ಇದೆ, 26ರಿಂದ 29. ಬೇರೆ ಸುವಾರ್ತೆಗಳಲ್ಲಿ ಇಲ್ಲ. ಒಬ್ಬ ಬೀಜ ಹಾಕುತ್ತಾನೆ. ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆ ಅಂತ ಅವನಿಗೇ ಗೊತ್ತಿಲ್ಲ. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆ ತುಂಬ ಕಾಳು. ಸಾಮ್ಯದ ಒಳಗಿರುವ ರೈತನಿಗೇ ಗೊತ್ತಾಗದ್ದನ್ನು ನೀವು ಕಾಲಂ ಹಾಕಿ ಹಿಡಿಯಲು ಹೊರಟಿದ್ದೀರಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಆಗ ನಮ್ಮ ಊರಿನಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ನಾಟಿ ಆಗಿತ್ತು, ನೀರೆಲ್ಲ ಹೊಳೆಗೆ ಹೋಗುತ್ತಿತ್ತು. ಒಂದು ವಾರ ಬಿಟ್ಟು ಸ್ಟಾಪ್‌ಲಾಗ್ (ಗೇಟಿನ ಬದಲು ಇಳಿಸುವ ತಾತ್ಕಾಲಿಕ ತಡೆ) ಇಳಿಸಿದಮೇಲೆ ನೀರು ನಿಂತಿತು. ನಾವು ಎದ್ದು ಕೂತಿದ್ದರಿಂದ ಒಂದು ಬಿಂದಿಗೆಯೂ ಉಳಿಯಲಿಲ್ಲ. ಆ ವಾರ ಹೊಲಕ್ಕೆ ಹೋಗಿ ನೋಡಿದರೆ ಪೈರು ತನ್ನ ಪಾಡಿಗೆ ತೆಂಡೆ ಒಡೆಯುತ್ತಿತ್ತು.

ಹಾಗಾದರೆ ಕೈಕಟ್ಟಿ ಕೂರಬೇಕಾ ಅಂತ ಕೇಳ್ತೀರಿ. ಲೂಕ 13ರ ಅಂಜೂರದ ಮರದ ಸಾಮ್ಯ ಓದಿ. ಮೂರು ವರ್ಷದಿಂದ ಹಣ್ಣು ಹುಡುಕುತ್ತಾ ಬರುವವನು ತೋಟದ ಯಜಮಾನ. ಎಣಿಕೆ ಅವನದು. ತೋಟದ ಆಳು ಕೇಳುವುದು ಇನ್ನೊಂದು ವರ್ಷ. ಸುತ್ತ ಅಗೆದು ಗೊಬ್ಬರ ಹಾಕ್ತೀನಿ ಅನ್ನುತ್ತಾನೆ. ನನಗೆ ಆ ಆಳಿನ ಕೆಲಸ ಸಾಕು.

ಮತ್ತೆ ದಿನಕ್ಕೊಂದು ಸಾಮ್ಯ ಜಾಸ್ತಿಯಾಯಿತು. ನಾನು ಈಗ ಒಂದು ಬೆಳೆಗೆ ಒಂದು ಇಟ್ಟುಕೊಳ್ಳುತ್ತೇನೆ. ಮುಂಗಾರಿಗೆ ಒಂದು, ಹಿಂಗಾರಿಗೆ ಒಂದು. ಕಳೆದ ಹಿಂಗಾರಿಗೆ ಮತ್ತಾಯ 18ರ ಸಾಲಗಾರ ಆಳಿನ ಸಾಮ್ಯ. ಅವನಿಗೆ ಒಡೆಯ ಮನ್ನಾ ಮಾಡಿದ ಸಾಲ ಹತ್ತು ಸಾವಿರ ತಲಾಂತು, ಅವನು ಜೊತೆಯವನ ಕುತ್ತಿಗೆ ಹಿಡಿದದ್ದು ನೂರು ದೀನಾರಕ್ಕೆ. ಒಂದು ದೀನಾರ ಅಂದರೆ ಒಂದು ದಿನದ ಕೂಲಿ. ತಲಾಂತು ಅಂದರೆ ಸುಮಾರು ಆರು ಸಾವಿರ ದೀನಾರ. ಅಂದರೆ ಆರು ಕೋಟಿ ದಿನದ ಕೂಲಿ! (ಲೆಕ್ಕದ ಚಟ ಹೋಗಿಲ್ಲ ನೋಡಿ.) ನನ್ನನ್ನು ತಡೆದು ನಿಲ್ಲಿಸಿದ್ದು ಆ ದೊಡ್ಡ ಅಂಕಿಯಲ್ಲ, ನೂರು ದೀನಾರ. ದಿನಕ್ಕೆ 400 ಅಂತ ಹಿಡಿದರೂ 40,000 ರೂಪಾಯಿ. ಬಡವನಿಗೆ ಅದೇನು ಚಿಲ್ಲರೆ ದುಡ್ಡಲ್ಲ. ಕ್ಷಮಿಸಬೇಕಾದ್ದು ನಿಜವಾಗಿಯೂ ನೋಯುವಷ್ಟು ಇರುತ್ತದೆ ಅಂತ ಆ ಸಾಮ್ಯಕ್ಕೆ ಗೊತ್ತಿದೆ. ನನ್ನ ಸಂಬಂಧಿಯೊಬ್ಬ ಗೊಬ್ಬರದ ಬಾಬ್ತು ಹೆಚ್ಚುಕಡಿಮೆ ಅಷ್ಟೇ ಕೊಡಬೇಕು. ಬಿಟ್ಟುಬಿಟ್ಟೆ ಅಂತ ಸುಳ್ಳು ಹೇಳಲ್ಲ. ಫೋನ್ ಮಾಡಿ ಕೇಳುವುದನ್ನು ಬಿಟ್ಟಿದ್ದೇನೆ. ಮದುವೆಯಲ್ಲಿ ಸಿಕ್ಕಾಗ ಪಕ್ಕದಲ್ಲಿ ಕೂತು ಉಂಡೆ. ಆರು ತಿಂಗಳಿಗೆ ಅಷ್ಟು ಆಗಿದೆ.

ನಿಮಗೆ ಯಾವುದು ಮೊದಲು ಅಂತ ನಾನು ಪಟ್ಟಿ ಕೊಡಲ್ಲ. ಓದುವಾಗ ಪಕ್ಕದ ಮನೆಯವರ ಮುಖ ಕಣ್ಣೆದುರು ಬಂದರೆ ಅವತ್ತಿಗೆ ಪುಸ್ತಕ ಮುಚ್ಚಿ. ಬಿತ್ತುವವನ ಸಾಮ್ಯ ಮುಗಿಸುವಾಗ ಯೇಸು ಹೇಳಿದ್ದು ಕಿವಿಯುಳ್ಳವನು ಕೇಳಲಿ ಅಂತ. ನಾನು ಅದನ್ನು ಕಣ್ಣುಳ್ಳವನು ಊರೆಲ್ಲ ನೋಡಲಿ ಅಂತ ಓದಿಕೊಂಡಿದ್ದೆ. ಯಾರ ಹೆಸರನ್ನೂ ಬರೆಯಬೇಡಿ. ನಿಮ್ಮದನ್ನೂ.

ಹೆಂಡತಿ ಆ ಸಲ ನನ್ನ ಜೊತೆ ಬರಲಿಲ್ಲ. ಹದಿನೈದು ದಿನ ಬಿಟ್ಟು ತಾನೇ ಬಂದಳು, ಮಾವ ಕೊಟ್ಟ ಒಂದು ಚೀಲ ಕಡಲೆ ಹೊತ್ತುಕೊಂಡು. ನೋಟ್‌ಬುಕ್ ಸುಡ್ತೀನಿ ಅಂದೆ. ಇನ್ನೂ ನೂರು ಪುಟ ಖಾಲಿ ಇದೆ, ಯಾಕೆ ಸುಡಬೇಕು ಅಂದಳು. ಹಾಲಿನ ಲೆಕ್ಕ, ನಾಟಿ ಆಳುಗಳ ಕೂಲಿ ಎಲ್ಲ ಅದರಲ್ಲೇ ಬರೆದಳು. ಹಳೆಯ ಪುಟಗಳನ್ನು ಒಂದೊಂದಾಗಿ ಹರಿದು ಒಲೆ ಹೊತ್ತಿಸಲು ಬಳಸಿದಳು. ತನ್ನ ಹೆಸರಿರುವ ಪುಟವನ್ನು ಮಾತ್ರ ಹರಿದಿಲ್ಲ. ಯಾಕೆ ಅಂತ ನಾನು ಕೇಳಿಲ್ಲ.