ಮಾಂಸ ಬಿಟ್ಟರೆ ಪಾಪ ಹೋಗುತ್ತಾ?

ನೀವು ಕೇಳಿದ್ದು: "ವಿರಾಜಪೇಟೆಗೆ ಹೊಸದಾಗಿ ಬಂದಿದ್ದೇನೆ. ಪಕ್ಕದ ಮನೆಯ ಕ್ರೈಸ್ತರು ಈಸ್ಟರ್‌ಗೆ ಮುಂಚೆ ತಪಸ್ಸು ಕಾಲ ಅಂತ 40 ದಿನ ಮಾಂಸ ಮುಟ್ಟುವುದಿಲ್ಲ. ಅದರಿಂದ ಪಾಪ ಕಳೆಯುತ್ತಾ?"

ಇಲ್ಲ. ಹಂದಿಕರಿ ಬಿಟ್ಟ ಮಾತ್ರಕ್ಕೆ ಪಾಪ ಕಳೆಯುವುದಿಲ್ಲ. ನಮ್ಮ ಪಾಪದ ಸಾಲವನ್ನು ಯೇಸು ಶಿಲುಬೆಯ ಮೇಲೆ ತೀರಿಸಿ ಆಗಿದೆ ಅನ್ನೋದೇ ನಮ್ಮ ನಂಬಿಕೆ.

ನಮ್ಮ ಕಥೋಲಿಕ ಸಭೆಯ ನಿಯಮ ನೋಡಿದರೆ ಉಪವಾಸ ಕಡ್ಡಾಯ ಇರೋದು ಎರಡೇ ದಿನ, ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ). ಶುಕ್ರವಾರಗಳಂದು ಮಾಂಸ ಬಿಡುವ ನಿಯಮವೂ ಇದೆ. ಉಳಿದದ್ದು ಅವರವರು ಇಷ್ಟಪಟ್ಟು ಹಿಡಿಯುವ ವ್ರತ. (ಭಾನುವಾರಗಳು ಆ 40ರ ಲೆಕ್ಕಕ್ಕಿಲ್ಲ.) ನಮ್ಮ ಮನೆಯಲ್ಲಿ ಹಂದಿ, ಕೋಳಿ ಎರಡೂ ಬಂದ್. ಉಳಿದ ದುಡ್ಡು ಒಂದು ಡಬ್ಬಿಗೆ. ಪಾಸ್ಕ ಹಬ್ಬಕ್ಕೆ (ಈಸ್ಟರ್) ಮುಂಚೆ ಅದು ಕಷ್ಟದಲ್ಲಿರುವ ಒಂದು ಮನೆಗೆ ಹೋಗುತ್ತದೆ.

ಹಾಗಾದರೆ ಉಪವಾಸದಿಂದ ಏನಾಗುತ್ತದೆ? ನನಗೆ ಆಗಿದ್ದನ್ನೇ ಹೇಳುತ್ತೇನೆ. ಅಣ್ಣನ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಬೇಲಿ ಪಕ್ಕದ ನಾಲ್ಕು ಮೆಣಸಿನ ಬಳ್ಳಿ ಅವನ ಪಾಲಿನವು. ಗೊತ್ತಿದ್ದೂ ನಾನು ಕೊಯ್ಯಿಸಿದ್ದೆ, ಕೇಳಿದಾಗ ಇಲ್ಲ ಅಂದಿದ್ದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಪ್ರತಿ ಶುಕ್ರವಾರ ಶಿಲುಬೆ ಹಾದಿಯ, ಅಂದರೆ ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಪ್ರಾರ್ಥನೆಯ, 14 ಸ್ಥಳಗಳಲ್ಲೂ ಮೊಣಕಾಲೂರುತ್ತಿದ್ದೆ. ಒಂದು ವರ್ಷ ತಪಸ್ಸು ಕಾಲದಲ್ಲಿ, ರಾತ್ರಿ ಬರೀ ಗಂಜಿ ಕುಡಿದು ಮಲಗಿದ ದಿನ, ನಿದ್ದೆ ಬರಲಿಲ್ಲ. ಅಣ್ಣನ ಮುಖವೇ ಕಣ್ಣ ಮುಂದೆ. ಫಾದರ್ ಹತ್ತಿರ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆ ಹೋದೆ. ಫಾದರ್ ಕೇಳಿದ್ದು ಒಂದೇ: "ಅಣ್ಣನಿಗೆ ಹೇಳಿದಿರಾ?"

ಮಾರನೇ ದಿನ ಮಧ್ಯಾಹ್ನ ಹೊರಟೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಹೋಗಿ ನೋಡಿದರೆ ಕಣದ ತುಂಬಾ ರೊಬಸ್ಟಾ ಕಾಫಿ ಹರಡಿದೆ, ಮೋಡ ಕಟ್ಟಿದೆ. ಅಣ್ಣ ಒಬ್ಬನೇ ಒದ್ದಾಡುತ್ತಿದ್ದ. ನನ್ನನ್ನು ನೋಡಿದವನು ಕಾಫಿ ಎಳೆಯುವ ಹಲಗೆಯನ್ನು ನನ್ನ ಕೈಗೆ ಕೊಟ್ಟ. "ಆ ಕಡೆಯಿಂದ ಎಳಿ, ಬೇಗ." ರಾಶಿ ಮಾಡಿ ಟಾರ್ಪಾಲ್ ಎಳೆಯುವಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಸುರಿಯಿತು. ಜಗಲಿಯಲ್ಲಿ ನಿಂತು ಮೆಣಸಿನ ವಿಷಯ ಹೇಳಿದೆ.

"ಗೊತ್ತಿತ್ತು. ತಲೆ ಒರೆಸಿಕೋ, ಒಳಗೆ ಬಾ" ಅಂದ.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಒಬ್ಬ ಮಗ ಆಸ್ತಿ ಹಾಳು ಮಾಡಿ, ಕ್ಷಮೆಯ ಮಾತು ಕಟ್ಟಿಕೊಂಡು ಮನೆಗೆ ಬರುತ್ತಾನೆ. ಅವನಿನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿಬಂದು ತಬ್ಬಿಕೊಳ್ಳುತ್ತಾನೆ. ಎಷ್ಟು ಸಲ ಕೇಳಿದ್ದೆನೋ. ಆ ಜಗಲಿಯಲ್ಲಿ ಅದು ಅರ್ಥವಾಯಿತು. ಕ್ಷಮೆ ಅಲ್ಲಿ ಮೊದಲೇ ಇತ್ತು. ನಾನು ಹೋಗಿರಲಿಲ್ಲ ಅಷ್ಟೇ. ನನ್ನನ್ನು ಎಬ್ಬಿಸಿ ಕಳಿಸಿದ್ದು ಆ ಉಪವಾಸ.

ನಿಮ್ಮ ಪಕ್ಕದ ಮನೆಯವರನ್ನೂ ಕೇಳಿ, ಖುಷಿಯಿಂದ ಹೇಳುತ್ತಾರೆ. ಒಂದು ಶುಕ್ರವಾರ ಅವರ ಜೊತೆ ಶಿಲುಬೆ ಹಾದಿಗೆ ಹೋಗಿ ಬನ್ನಿ. ನಿಮ್ಮೂರಲ್ಲೇ 1792ರಲ್ಲಿ ಶುರುವಾದ ಸಂತ ಅನ್ನಮ್ಮನವರ ಚರ್ಚ್ ಇದೆಯಲ್ವಾ. ಹಿಂದಿನ ಬೆಂಚಲ್ಲಿ ಸುಮ್ನೆ ಕೂತರೂ ಸಾಕು.